ಕಾಲು ಟ್ಯಾಂಕಿನ ಶೂರರು

ಸ್ಪಿಟ್‌ಫೈರ್ ಮೇಲೋ ಮೆಸ್ಸರ್‌ಶ್ಮಿಟ್ ಮೇಲೋ ಎಂಬ ಜಗಳಕ್ಕೆ ಎಂಬತ್ತು ವರ್ಷ ದಾಟಿತು. 1940ರ ಬ್ರಿಟನ್ ಕದನದಲ್ಲಿ ಹಾರಿದವರ ಪೈಕಿ ಕೊನೆಯವರೆಂದು ಗುರುತಿಸಲಾಗಿದ್ದ ಜಾನ್ ಹೆಮಿಂಗ್ವೇ ಎಂಬ ಪೈಲಟ್ 2025ರ ಮಾರ್ಚ್‌ನಲ್ಲಿ, ತಮ್ಮ 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾರಿಸಿದವರು ಹೋದರು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿದಿದೆ. ಅದನ್ನು ಈಗ ಸಾಕಿ ಸಲಹುತ್ತಿರುವವರು ಕಂಪ್ಯೂಟರಿನ ಮುಂದೆ ಜಾಯ್‌ಸ್ಟಿಕ್ ಹಿಡಿದು ಕೂತು, ಪ್ರಪಂಚದ ಯಾವುದೋ ಮೂಲೆಯಲ್ಲಿರುವ ಎದುರಾಳಿಯೊಡನೆ ಆಕಾಶಯುದ್ಧ ಆಡುವವರು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ 'ಏರ್ ವಾರಿಯರ್' ಎಂಬ ಆಟ ಟೆಲಿಫೋನ್ ತಂತಿಯ ಮೇಲೆ, ಗಂಟೆಗಿಷ್ಟು ಎಂದು ಕಾಸು ವಸೂಲಿ ಮಾಡಿ, ಈ ಚಟಕ್ಕೆ ನಾಂದಿ ಹಾಡಿತು. 1995ರಲ್ಲಿ 'ವಾರ್‌ಬರ್ಡ್ಸ್', 2001ರಲ್ಲಿ ರಷ್ಯದ 'ಇಲ್-2 ಸ್ಟುರ್ಮೊವಿಕ್', ಅದಾಗಿ ಹತ್ತು ಹನ್ನೊಂದು ವರ್ಷಕ್ಕೆ 'ವಾರ್ ಥಂಡರ್' ಬಂದವು. ನಾನೂ ಇವನ್ನು ಆಡುವವನೇ. ಹೊರಗೆ ನಿಂತು ಕಲ್ಲು ಹೊಡೆಯುತ್ತಿದ್ದಾನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಆಟದ ಬಗ್ಗೆ ನನಗೆ ತಕರಾರಿಲ್ಲ. ಆಟದಲ್ಲಿ ನಾಲ್ಕು ಸಲ ಗೆದ್ದ ಮಾತ್ರಕ್ಕೆ ಇತಿಹಾಸದ ತೀರ್ಪು ಬರೆದುಕೊಡುವ ಚಾಳಿ ಇದೆಯಲ್ಲ, ತಕರಾರು ಅದರ ಬಗ್ಗೆ.

ಈ ತೀರ್ಪುಗಾರರ ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ ಇರುತ್ತದೆ. ಗರಿಷ್ಠ ವೇಗ ಇಷ್ಟು, ಮೇಲೇರುವ ವೇಗ ಇಷ್ಟು, ಒಂದು ಸುತ್ತು ತಿರುಗಲು ಇಷ್ಟು ಸೆಕೆಂಡು. ಪಟ್ಟಿಯಲ್ಲಿ ಹೆಚ್ಚು ಅಂಕ ಬಂದದ್ದು ಮೇಲು, ಕಡಿಮೆ ಬಂದದ್ದು ಕೀಳು. ಎಸ್.ಎಸ್.ಎಲ್.ಸಿ. ಫಲಿತಾಂಶ ನೋಡಿ ಪಕ್ಕದ ಮನೆಯ ಹುಡುಗನ ಭವಿಷ್ಯ ಹೇಳುವವರಿಗೂ ಇವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಎತ್ತರದಲ್ಲಿ ಎಂಬುದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ. ಆ ಉಸಿರನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಯಾವ ಬಗೆಯದು ಎಂಬುದರ ಮೇಲೆ ವಿಮಾನದ ಜಾತಕ ನಿಂತಿರುತ್ತದೆ. ಅಮೆರಿಕದ ಥಂಡರ್‌ಬೋಲ್ಟ್ ತುಂಬಿದ ತೂಕದಲ್ಲಿ ಆರು ಟನ್ನಿಗೂ ಮೇಲೆ. ನೆಲದ ಹತ್ತಿರ ಅದು ಕೆಸರಿನಿಂದ ಎದ್ದ ಎಮ್ಮೆ. ಇಪ್ಪತ್ತೈದು ಸಾವಿರ ಅಡಿ ದಾಟಿದರೆ ಅದೇ ಎಮ್ಮೆ ಚಿರತೆಯಾಗುತ್ತದೆ. ಮಸ್ಟ್ಯಾಂಗ್ ಕೂಡ ಮೊದಲ ಎಂಜಿನ್ನಿನಲ್ಲಿ ಹದಿನೈದು ಸಾವಿರ ಅಡಿಯ ಮೇಲೆ ಸೊರಗುತ್ತಿತ್ತು. 1942ರಲ್ಲಿ ರೋಲ್ಸ್ ರಾಯ್ಸ್‌ನವರು ಅದೇ ಒಡಲಿಗೆ ಮರ್ಲಿನ್ ಎಂಜಿನ್ ಕೂರಿಸಿ ನೋಡಿದ ಮೇಲೆ ಅದರ ಕಥೆಯೇ ಬದಲಾಯಿತು. ಆದರೆ ಆಟದ ಕಣದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಮೇಲೇರುತ್ತ ಕೂರುವ ತಾಳ್ಮೆ ಯಾರಿಗಿದೆ? ಹೆಚ್ಚಿನ ಕಾದಾಟಗಳು ಮರದ ತುದಿಯಿಂದ ಹತ್ತು ಸಾವಿರ ಅಡಿಯೊಳಗೆ ಮುಗಿದುಹೋಗುತ್ತವೆ. ಅಲ್ಲಿ ಥಂಡರ್‌ಬೋಲ್ಟ್ ಸೋಲುತ್ತದೆ. ಸೋತ ಕೂಡಲೇ 'ಈ ವಿಮಾನ ದಂಡ' ಎಂಬ ತೀರ್ಪು ಸಿದ್ಧ.

ಎರಡನೆಯ ಪ್ರಶ್ನೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂಬುದು. ಆಟದ ಪಳಗಿದ ಹುಲಿಗಳು ಕಾಲು ಟ್ಯಾಂಕ್ ತುಂಬಿಸಿಕೊಂಡು ಹಾರುತ್ತಾರೆ. ಕಣ ಪಕ್ಕದಲ್ಲೇ ಇದೆ, ಮುಗಿದರೆ ಮತ್ತೊಂದು ವಿಮಾನ ಪುಕ್ಕಟೆ ಸಿಗುತ್ತದೆ. 1944ರ ಮಾರ್ಚ್‌ನಲ್ಲಿ ಬಾಂಬರುಗಳಿಗೆ ಕಾವಲಾಗಿ ಬರ್ಲಿನ್‌ವರೆಗೆ ಹೋದ ಮಸ್ಟ್ಯಾಂಗ್‌ಗಳಿಗೆ ಈ ಸೌಭಾಗ್ಯವಿರಲಿಲ್ಲ. ಹೋಗಿಬರಲು ಸಾವಿರ ಮೈಲಿಗೂ ಹೆಚ್ಚು. ರೆಕ್ಕೆಯೊಳಗೆ ಪೆಟ್ರೋಲ್, ರೆಕ್ಕೆಯ ಕೆಳಗೆ ಜೋತುಬಿದ್ದ ಟ್ಯಾಂಕುಗಳಲ್ಲಿ ಪೆಟ್ರೋಲ್, ಸಾಲದ್ದಕ್ಕೆ ಪೈಲಟ್ಟಿನ ಬೆನ್ನ ಹಿಂದೆ 85 ಗ್ಯಾಲನ್ನಿನ ಇನ್ನೊಂದು ಟ್ಯಾಂಕ್. ಬೆನ್ನ ಹಿಂದಿನದು ತುಂಬಿರುವಾಗ ವಿಮಾನ ತೂಕ ತಪ್ಪಿ ಓಲಾಡುತ್ತಿತ್ತು. ಅದು ಸಾಕಷ್ಟು ಖಾಲಿಯಾಗುವ ತನಕ ಬಿರುಸಾಗಿ ತಿರುಗಿಸುವುದೇ ಅಪಾಯ. ಕಾಲು ಟ್ಯಾಂಕಿನ ಮಸ್ಟ್ಯಾಂಗೂ ಬರ್ಲಿನ್ನಿನ ದಾರಿ ಹಿಡಿದ ಮಸ್ಟ್ಯಾಂಗೂ ಹೆಸರಿನಲ್ಲಿ ಒಂದು, ನಡತೆಯಲ್ಲಿ ಎರಡು. ಸ್ಪಿಟ್‌ಫೈರ್ ಅದಕ್ಕಿಂತ ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ ಎಂಬುದು ನಿಜ. ಆದರೆ ಇಂಗ್ಲೆಂಡಿನಿಂದ ಬಾಂಬರುಗಳ ಜೊತೆ ಹೊರಟು, ಬರ್ಲಿನ್ ಮೇಲೆ ಕಾದಾಡಿ, ಮರಳುವಷ್ಟು ಪೆಟ್ರೋಲ್ ಅದರ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ. ಮದುವೆ ಮನೆಗೆ ತಲುಪಲಾರದವನು ಅಲ್ಲಿ ಎಷ್ಟು ಚೆನ್ನಾಗಿ ಬಡಿಸುತ್ತಿದ್ದ ಎಂದು ವಾದಿಸಿ ಏನು ಪ್ರಯೋಜನ?

ಮೂರನೆಯದು, ಅಂಕಿಗಳು ಯಾರವು ಎಂಬುದು. ತಯಾರಕನ ಕಾಗದದಲ್ಲಿ ಒಂದು ವೇಗ, ವಾಯುಪಡೆಯ ಪರೀಕ್ಷೆಯಲ್ಲಿ ಇನ್ನೊಂದು, ಆರು ತಿಂಗಳು ಮಳೆಗಾಳಿಗೆ ಮೈಯೊಡ್ಡಿ ನಿಂತ ವಿಮಾನದ್ದು ಮತ್ತೊಂದು. ಜಪಾನಿನ ಹಯಾತೆ ಎಂಬ ಯುದ್ಧವಿಮಾನಕ್ಕೆ ಜಪಾನೀಯರ ದಾಖಲೆ ಕೊಡುವ ವೇಗಕ್ಕಿಂತ ಅಮೆರಿಕನ್ನರ ದಾಖಲೆ ಕೊಡುವ ವೇಗ ಹೆಚ್ಚು. ಯುದ್ಧದ ಕೊನೆಯ ದಿನಗಳ ಜಪಾನಿನಲ್ಲಿ ಒಳ್ಳೆಯ ಪೆಟ್ರೋಲೂ ಇರಲಿಲ್ಲ, ಎಂಜಿನ್ ನೋಡಿಕೊಳ್ಳುವ ಕುಶಲ ಕೈಗಳೂ ಉಳಿದಿರಲಿಲ್ಲ. ಆಟ ಕಟ್ಟುವವನು ಇವೆರಡರಲ್ಲಿ ಒಂದು ಕಾಗದವನ್ನು ಆರಿಸಲೇಬೇಕು. ಅವನು ಯಾವುದನ್ನು ಆರಿಸಿದರೂ ಒಂದು ಗುಂಪು ಕೂಗೆಬ್ಬಿಸುತ್ತದೆ: ರಷ್ಯದವರು ಕಟ್ಟಿದ ಆಟದಲ್ಲಿ ರಷ್ಯದ ವಿಮಾನಕ್ಕೆ ಪಕ್ಷಪಾತ, ಅಮೆರಿಕದವರ ಆಟದಲ್ಲಿ ಅಮೆರಿಕಕ್ಕೆ. ದೂರಿನಲ್ಲಿ ಹುರುಳಿರುವುದೂ ಉಂಟು. ಆದರೆ ಬಹಳಷ್ಟು ಸಲ ಇದು ಕುಣಿಯಲಾರದವಳು ನೆಲ ಡೊಂಕು ಎಂದ ಕಥೆ. ಈ ಹಟ ಎಲ್ಲಿಯವರೆಗೆ ಹೋಯಿತೆಂದರೆ, 'ವಾರ್ ಥಂಡರ್' ಆಟದ ಟ್ಯಾಂಕುಗಳ ವಿವರ ತಪ್ಪೆಂದು ಸಾಧಿಸಲು 2021ರಿಂದೀಚೆಗೆ ಆಟಗಾರರು ತಮ್ಮ ದೇಶಗಳ ಸೇನೆಯ ಗೋಪ್ಯ ಕಾಗದಗಳನ್ನೇ ಬಯಲಿಗೆ ತಂದಿಟ್ಟ ಪ್ರಸಂಗಗಳು ಒಂದಲ್ಲ, ಹಲವು. ಆಟದ ಮಾನ ಉಳಿಸಲು ದೇಶದ ಗುಟ್ಟು ರಟ್ಟು ಮಾಡುವವರ ಬುದ್ಧಿಗೆ ಏನೆನ್ನಬೇಕು!

ಇನ್ನು ಪಟ್ಟಿಯಲ್ಲಿ ಸೋತ ವಿಮಾನ ಯುದ್ಧದಲ್ಲಿ ಏನು ಮಾಡಿತು, ನೋಡೋಣ. ಜಪಾನಿನ ಜೀರೋ ವಿಮಾನದ ಮುಂದೆ ಅಮೆರಿಕನ್ ನೌಕಾಪಡೆಯ ವೈಲ್ಡ್‌ಕ್ಯಾಟ್ ಪಟ್ಟಿಯಲ್ಲಿ ಬಡಪಾಯಿ: ತಿರುಗುವುದರಲ್ಲಿ ಹಿಂದೆ, ಏರುವುದರಲ್ಲಿ ಹಿಂದೆ. ಜಾನ್ ಥ್ಯಾಚ್ ಎಂಬ ಪೈಲಟ್ 1941ರಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ, ಎರಡು ವಿಮಾನಗಳು ಜಡೆ ಹೆಣೆದಂತೆ ಅಡ್ಡಹಾಯುತ್ತ ಹಾರಿದರೆ ಒಂದರ ಬೆನ್ನು ಹತ್ತಿದವನು ಇನ್ನೊಂದರ ಬಂದೂಕಿಗೆ ಎದುರಾಗುತ್ತಾನೆ ಎಂದು ಕಂಡುಕೊಂಡ. ಮರುವರ್ಷ ಮಿಡ್‌ವೇಯಲ್ಲಿ ಅದನ್ನು ಪ್ರಯೋಗಿಸಿಯೂ ತೋರಿಸಿದ. ಆ ಬೆಂಕಿಕಡ್ಡಿಗಳಿಗೆ ಯಾವ ಪಟ್ಟಿಯಲ್ಲಿ ಅಂಕವಿದೆ? ಅದೇ ಮಿಡ್‌ವೇಯಲ್ಲಿ 1942ರ ಜೂನ್ 4ರಂದು ಜಪಾನೀಯರನ್ನು ಎದುರಿಸಲು ಹಾರಿದ ಬಫಲೋ ವಿಮಾನಗಳಲ್ಲಿ ಹೆಚ್ಚಿನವು ಮರಳಲಿಲ್ಲ. ಅದೇ ಬಫಲೋವನ್ನು ಫಿನ್‌ಲೆಂಡಿನವರು 44ರ ಸಂಖ್ಯೆಯಲ್ಲಿ ಕೊಂಡು, ಸೋವಿಯತ್ ವಿಮಾನಗಳ ಎದುರು ಹಾರಿಸಿ, ನೂರಾರು ಗೆಲುವುಗಳನ್ನು ಲೆಕ್ಕಕ್ಕೆ ಬರೆದುಕೊಂಡರು. ಫಿನ್‌ಲೆಂಡಿಗೆ ಬಂದ ಮಾದರಿ ತುಸು ಹಗುರವಾಗಿತ್ತು, ಎದುರಾಳಿಯೂ ಬೇರೆ, ಒಪ್ಪಿದೆ. ನಾನು ಹೇಳುತ್ತಿರುವುದೂ ಅದನ್ನೇ. ತೂಕ, ಎದುರಾಳಿ, ತರಬೇತಿ, ಹವೆ ಇಷ್ಟೂ ಕಳೆದ ಮೇಲೆ ಉಳಿಯುವ 'ಬಫಲೋ' ಎಂಬುದು ಬರೀ ಒಂದು ಹೆಸರು.

ನಮಗೆ ಹತ್ತಿರದ ಉದಾಹರಣೆಯೂ ಉಂಟು. ಆಟಗಾರರು ತಲೆಯ ಮೇಲೆ ಹೊತ್ತು ಮೆರೆಸುವ ಜರ್ಮನಿಯ ಫೋಕ್ಕೆ-ವುಲ್ಫ್ 190ರ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದ. ಅವನ ನೇತೃತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ರೂಪುಗೊಂಡ ಮರುತ್, 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಮೊದಲ ಸಲ ಹಾರಿತು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಲೆಂದು ಅದನ್ನು ಎಣಿಸಿದ್ದರು. ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಪಟ್ಟಿ ಹಿಡಿದವನಿಗೆ ಮರುತ್ ಒಂದು ಸೋಲು, ಅಷ್ಟೆ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ, ನೆಲಕ್ಕೆ ಅಂಟಿದಂತೆ ಹಾರಿ ದಾಳಿ ಮಾಡುವ ಕೆಲಸಕ್ಕೆ ಅದನ್ನು ಕಳಿಸಿದರು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಎಂಜಿನ್ನಿನ ಕೊರತೆಗೆ ನಾವು ನಾಚಬೇಕು, ನಿಜ. ಮರುತ್ ಹಾರಿಸಿದವರನ್ನು ಆ ಕೊರತೆಯ ಅಂಕಿಯಿಂದ ಅಳೆಯುವ ಅಧಿಕಾರ ಯಾರಿಗೂ ಇಲ್ಲ.

'ಆಟವನ್ನು ಆಟವಾಗಿ ನೋಡಿ ಸಾರ್, ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ' ಎಂದು ಒಬ್ಬ ತರುಣ ಮಿತ್ರರು ಕೇಳಿದರು. ತಲೆ ಕೆಡಿಸಿಕೊಳ್ಳಲು ಕಾರಣವಿದೆ. 2021ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಕೆಲವು ಟಿ.ವಿ. ವಾಹಿನಿಗಳು 'ಆರ್ಮಾ 3' ಎಂಬ ಆಟದ ತುಣುಕನ್ನು ಅಫ್ಘಾನಿಸ್ತಾನದ ಪಂಜ್‌ಶೀರ್ ಕಣಿವೆಯ ಮೇಲಿನ ವಿಮಾನದಾಳಿ ಎಂದು ತೋರಿಸಿದವು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳಲ್ಲೂ ಆಟದ ತುಣುಕುಗಳು ನಿಜದ ವೇಷ ತೊಟ್ಟು ಮನೆಮನೆಯ ಮೊಬೈಲಿಗೆ ಬಂದವು. ಜೊತೆಗೆ ಪಟ್ಟಿಗಳೂ ಬಂದವು: ಅವರ ವಿಮಾನ ಇಷ್ಟು, ನಮ್ಮದು ಇಷ್ಟು, ಆದ್ದರಿಂದ ಫಲಿತಾಂಶ ಇಂತಿಷ್ಟೇ. ಯುದ್ಧ ಪಟ್ಟಿಯಲ್ಲಿ ತೀರ್ಮಾನವಾಗುತ್ತದೆ ಎಂದು ನಂಬಿದವನಿಗೆ ಯುದ್ಧ ಅಗ್ಗವಾಗಿ ಕಾಣುತ್ತದೆ. ಗೆಲುವು ಖಾತ್ರಿಯಾಗಿದ್ದರೆ ಶುರು ಮಾಡಲು ಯಾಕೆ ಹಿಂದೆಮುಂದೆ ನೋಡಬೇಕು ಎಂದು ಅವನು ಕೇಳುತ್ತಾನೆ. ಆಟದಲ್ಲಿ ವಿಮಾನ ಉರಿದರೆ ಒಂದು ಗುಂಡಿ ಒತ್ತಿ ಇನ್ನೊಂದನ್ನು ಪಡೆಯುತ್ತೇವೆ. ನಿಜದ ಆಕಾಶದಲ್ಲಿ ಹೊಡೆತ ತಿಂದ ಬಹಳಷ್ಟು ಪೈಲಟ್‌ಗಳು ಹೊಡೆದವನ ಮುಖ ಹೋಗಲಿ, ಅವನ ವಿಮಾನವನ್ನೂ ನೋಡಿರಲಿಲ್ಲ. ಅವರು ಹಾರಿಸುತ್ತಿದ್ದ ವಿಮಾನ ಎಷ್ಟು ಸೆಕೆಂಡಿನಲ್ಲಿ ತಿರುಗುತ್ತಿತ್ತು ಎಂಬುದು ಅವರ ಮನೆಯವರಿಗೆ ಯಾವ ಸಮಾಧಾನವನ್ನೂ ತರಲಿಲ್ಲ.

ಹಾಗೆಂದು ಹೋಲಿಕೆಯೇ ಕೂಡದು ಎನ್ನುವ ಮಡಿವಂತ ನಾನಲ್ಲ. ಈ ಆಟಗಳು ಕಲಿಸುವ ದೊಡ್ಡ ಪಾಠವೊಂದಿದೆ: ಎತ್ತರ ಎಂಬುದು ಬ್ಯಾಂಕಿನಲ್ಲಿಟ್ಟ ಹಣ, ವೇಗ ಎಂಬುದು ಜೇಬಿನಲ್ಲಿರುವ ಹಣ, ಬಿಗಿಯಾಗಿ ತಿರುಗಿದಾಗಲೆಲ್ಲ ಖರ್ಚಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಜಾನ್ ಬಾಯ್ಡ್ ಮತ್ತು ಥಾಮಸ್ ಕ್ರಿಸ್ಟೀ ಈ ಲೆಕ್ಕವನ್ನು ಗಣಿತಕ್ಕೆ ಇಳಿಸಿದರು. ಅವರು ವಿಮಾನಕ್ಕೆ ಒಂದೇ ಅಂಕಿ ಕೊಡಲಿಲ್ಲ. ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಯಾರ ಕೈ ಮೇಲು ಎಂದು ನಕ್ಷೆ ಬರೆದರು. 1942ರ ಜೂನ್‌ನಲ್ಲಿ ಅಲಾಸ್ಕದ ದ್ವೀಪವೊಂದರ ಜೌಗಿನಲ್ಲಿ ಮಗುಚಿಬಿದ್ದ ಜೀರೋ ಅಮೆರಿಕನ್ನರ ಕೈಗೆ ಸಿಕ್ಕಾಗಲೂ ಅವರು ಕೇಳಿದ್ದು ಇಂಥ ಪ್ರಶ್ನೆಯನ್ನೇ. ರಿಪೇರಿ ಮಾಡಿ ಹಾರಿಸಿ ನೋಡಿದರು. ವೇಗ ಹೆಚ್ಚಾದಂತೆ ಅದರ ರೆಕ್ಕೆಯ ಏಲೆರಾನ್‌ಗಳು ಬಿಗಿಯಾಗಿ ವಿಮಾನ ಉರುಳಲು ಒಲ್ಲೆ ಎನ್ನುತ್ತದೆ, ಥಟ್ಟನೆ ಮೂತಿ ಕೆಳಗೆ ತಳ್ಳಿದರೆ ಎಂಜಿನ್ ಕೆಮ್ಮುತ್ತದೆ ಎಂದು ತಿಳಿಯಿತು. ವೇಗವಾಗಿರು, ಅದರೊಡನೆ ಸುತ್ತಾಡಲು ಹೋಗಬೇಡ ಎಂಬ ಬುದ್ಧಿವಾದ ಅಲ್ಲಿಂದ ಗಟ್ಟಿಯಾಯಿತು. ಅದರಿಂದ ಎಷ್ಟೋ ಜೀವ ಉಳಿದಿರಬೇಕು.

ಆದ್ದರಿಂದ ಇನ್ನು ಮುಂದೆ ಯಾರಾದರೂ ಯಾವ ವಿಮಾನ ಮೇಲು ಎಂದು ವಾದಕ್ಕೆ ಬಂದರೆ ಇಷ್ಟನ್ನು ಕೇಳಿ. ಯಾವ ಮಾದರಿ, ಯಾವ ವರ್ಷದ್ದು? ಎಷ್ಟು ಎತ್ತರ, ಎಷ್ಟು ವೇಗ? ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಅದು ಎಂಥ ಪೆಟ್ರೋಲ್? ಅಂಕಿ ಬರೆದವರು ಯಾರು? ಹಾರಿಸಿದವನು ಎಷ್ಟು ಗಂಟೆ ಕಲಿತಿದ್ದ, ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದ? ಇಷ್ಟಕ್ಕೂ ಉತ್ತರ ಇದ್ದವನ ಜೊತೆ ಇಡೀ ರಾತ್ರಿ ವಾದ ಮಾಡಬಹುದು, ಕಾಫಿಯ ಖರ್ಚು ನನ್ನದು. ಉತ್ತರವಿಲ್ಲದವನು ಆಟ ಆಡಲಿ, ಸಂತೋಷವಾಗಿ ಆಡಲಿ. ಸತ್ತವರಿಗೆ ಅಂಕ ಹಾಕುವ ಕೆಲಸವನ್ನು ಮಾತ್ರ ಬಿಡಲಿ.