ಹುಲಿಯ ನಕ್ಷೆಯಲ್ಲಿ ನಮ್ಮ ಕೇರಿ ಎಲ್ಲಿ?

ನಮ್ಮಪ್ಪ ಬೇಸಿಗೆ ಬಂದ್ರೆ ಕಾಡಿನ ಬೆಂಕಿ ಕಾಯೋ ಕೂಲಿ. ಹಸಿ ಸೊಪ್ಪು ಹಿಡಿದು ಉರಿ ಬಡಿಯೋದು ಅವನ ಕೆಲಸ. ಚಾಮರಾಜನಗರ ಸೀಮೆಯ ಕಾಡಂಚಿನ ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಆ ಡಿಗ್ರಿಯ ದೆಸೆಯಿಂದ ಹೋದ ತಿಂಗಳು ಮೈಸೂರಿನ ಒಂದು ಸಭೆಯಲ್ಲಿ ಕೂತಿದ್ದೆ. ಹವಾಮಾನ ಕೆಡುತ್ತಿರುವ ಕಾಲದಲ್ಲಿ ಹುಲಿ, ಆನೆ ಉಳಿಸೋದು ಹೇಗೆ ಅಂತ ಚರ್ಚೆ. ಗೋಡೆ ಮೇಲೆ ಬಣ್ಣದ ನಕ್ಷೆ. ಹುಲಿ ಓಡಾಡುವ ದಾರಿ ಇತ್ತು, ಆನೆ ನೀರು ಕುಡಿಯುವ ಕೆರೆ ಇತ್ತು. ನಮ್ಮ ಕೇರಿ ಇರಲಿಲ್ಲ. ಸೋಲಿಗರ ಪೋಡು ಇರಲಿಲ್ಲ. ನಾವಿರುವ ಜಾಗಕ್ಕೆ ಅವರು ಇಟ್ಟಿದ್ದ ಹೆಸರು ‘ಒತ್ತಡ’.

ಕೋರ್ ಅಂದರೇನು ಸ್ವಾಮಿ? ಗರ್ಭಗುಡಿ. ಬಫರ್ ಅಂದರೆ ಹೊರಪ್ರಾಕಾರ. ನಮ್ಮನ್ನು ಗುಡಿಯಿಂದ ಹೊರಗಿಟ್ಟ ಬುದ್ಧಿಯೇ ಈಗ ಕಾಡಿಗೂ ಮಡಿ ಉಡಿಸಿದೆ. ಕ್ಯಾಮೆರಾ ಹಿಡಿದು ಜೀಪಿನಲ್ಲಿ ಬಂದವರಿಂದ ಮೈಲಿಗೆಯಿಲ್ಲ. ಸೌದೆ ಹೊರೆ ಹೊತ್ತ ನಮ್ಮವ್ವ ಮಾತ್ರ ಕಳ್ಳಿ.

ಬಿಳಿಗಿರಿರಂಗನ ಬೆಟ್ಟ ನೋಡಿ. 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ಬೇಸಾಯ ನಿಂತಿತು, ಬೇಟೆ ನಿಂತಿತು, ಅವರು ಹಾಕುತ್ತಿದ್ದ ತರಗುಬೆಂಕಿಯೂ ನಿಂತಿತು. ತರಗು ಒಣಗಿದ ಹೊತ್ತಲ್ಲಿ, ಕಡುಬೇಸಿಗೆಗೆ ಮುಂಚೆ ಹಾಕುತ್ತಿದ್ದ ಸಣ್ಣ ಉರಿ ಅದು. ನೆಲ ಸವರಿ ಹೋಗುತ್ತಿತ್ತು, ಹುಲ್ಲು ಚಿಗುರುತ್ತಿತ್ತು. ಅದು ನಿಂತ ಮೇಲೆ ಕಾಡಿನ ತುಂಬ ಲಂಟಾನ. ಬ್ರಿಟಿಷರು ಹೂವಿನ ಅಂದಕ್ಕೆ ಅಮೆರಿಕ ಖಂಡದಿಂದ ತಂದ ಪೊದೆ. ಸಣ್ಣ ಉರಿ ಬೇಡ ಅಂದ್ರು, ದೊಡ್ಡ ಉರಿಗೆ ಸೌದೆ ಕೂಡಿಟ್ಟರು. ಮಳೆ ತಪ್ಪಿ ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಅದರ ಅರ್ಥ ಏನು ಅನ್ನೋದನ್ನು 2019ರ ಫೆಬ್ರವರಿಯಲ್ಲಿ ಬಂಡೀಪುರ ತೋರಿಸಿತು. ಸಾವಿರಾರು ಹೆಕ್ಟೇರ್ ಬೂದಿ. ಅವತ್ತು ಸೊಪ್ಪು ಹಿಡಿದು ಉರಿಗೆ ಇಳಿದವರಲ್ಲಿ ನಮ್ಮಪ್ಪನಂಥ ಕೂಲಿಗಳಿದ್ದರು. ನಕ್ಷೆ ಬರೆದವರನ್ನು ಅಲ್ಲಿ ಯಾರೂ ಕಾಣಲಿಲ್ಲ.

ನಾನು ಹುಲಿಯ ವೈರಿಯಲ್ಲ. ನೀರು ಬತ್ತಿದರೆ ಆನೆ ಬಿಳಿಗಿರಿಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ, ಸತ್ಯಮಂಗಲಕ್ಕೆ ನಡೆಯಲೇಬೇಕು. ಬಿಸಿ ಏರಿದಂತೆ ಮರಗಿಡ, ಹಕ್ಕಿಪಕ್ಷಿ ಜಾಗ ಬದಲಿಸುತ್ತವೆ. ಕಾಗದದ ಮೇಲಿನ ಗೆರೆ ಮಾತ್ರ ಬದಲಿಸೋದಿಲ್ಲ. ಕಾಡಿಗೆ ಕಾಡು ಕೂಡಬೇಕು, ಒಪ್ಪಿದೆ. ಆದರೆ ಕೂಡಿಸುವ ದಾರಿ ಹೋಗೋದು ಯಾರ ಅರ್ಧ ಎಕರೆ ಮೇಲೆ? ರೆಸಾರ್ಟಿನ ಈಜುಕೊಳದ ಮೇಲಂತೂ ಅಲ್ಲ.

ಕಾನೂನು ಇಲ್ಲವೆ? ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಪ್ರಾಣಿಗಳ ಹೆಸರಲ್ಲಿ ಜನರನ್ನು ಎಬ್ಬಿಸುವಂತಿಲ್ಲ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಮೀಸಲಾಯಿತು. ಅದೇ ವರ್ಷ ಸೋಲಿಗರು ಹೋರಾಡಿ ಸಮುದಾಯದ ಹಕ್ಕು ಪಡೆದರು. ಹುಲಿಯೇನೂ ಬೆಟ್ಟ ಬಿಟ್ಟು ಓಡಲಿಲ್ಲ. ಆದಿವಾಸಿಯಲ್ಲದ ನಮ್ಮಂಥ ಕಾಡಂಚಿನವರ ಪಾಡು ಬೇರೆ. ಮೂರು ತಲೆಮಾರು, ಎಪ್ಪತ್ತೈದು ವರ್ಷ ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಬೇಕಂತೆ. ನಮ್ಮ ತಾತನಿಗೆ ಅಕ್ಷರ ಮುಟ್ಟಲು ಬಿಡದ ಸಮಾಜ ಈಗ ಅವನ ಕಾಗದ ಕೇಳುತ್ತದೆ! ಹಿರಿಯರ ಮಾತೂ ಸಾಕ್ಷಿ ಅಂತ ಅದೇ ಕಾನೂನಿನ ನಿಯಮದಲ್ಲಿದೆ. ಆಫೀಸಿನ ಮೇಜಿನ ಮುಂದೆ ನಿಂತ ಮುದುಕನಿಗೆ ಅದನ್ನು ಓದಿ ಹೇಳೋರು ಯಾರು?

ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಹೇಳಿತ್ತು: ತೀರ್ಮಾನ ಗ್ರಾಮಸಭೆಯಿಂದ ಮೇಲಕ್ಕೆ ಹೋಗಲಿ. ಆ ವರದಿಯನ್ನು ಬದಿಗಿಟ್ಟರು. ಆಮೇಲೆ ಬಂದ ಕರಡು ಅಧಿಸೂಚನೆಗಳು ಒಂದೆರಡಲ್ಲ. 2024ರ ಜುಲೈನಲ್ಲಿ ಆರನೆಯದು ಬಂತು. ಎಲ್ಲವೂ ದಿಲ್ಲಿಯಿಂದ ಕೆಳಕ್ಕೆ ಇಳಿದವು.

ಸೋಲಿಗರು ತಮ್ಮ ಎಲ್ಲೆಗಳನ್ನು, ನೂರಾರು ದೇವರ ತಾಣಗಳನ್ನು ನಕ್ಷೆಗೆ ಏರಿಸಿ ತೋರಿಸಿದ್ದಾರೆ. ಯೋಜನೆ ಅಲ್ಲಿಂದ ಶುರುವಾಗಲಿ. ಬೆಂಕಿ ಕಾಯುವವನಿಗೆ ವರ್ಷವಿಡೀ ಕೆಲಸ, ವಿಮೆ, ಮಾತಾಡುವ ಜಾಗ ಸಿಗಲಿ. ಕೇರಿಯ ಹೊಲ ಆನೆಗೆ ಬೇಕಿದ್ದರೆ ಮೊದಲು ಕೇರಿಯನ್ನು ಕೇಳಿ.

ಅಯ್ಯಾ ಯೋಜನೆ ಬರೆಯೋರೇ, ನಿಮ್ಮ ನಕ್ಷೆ ಸುತ್ತಿಕೊಂಡು ನಮ್ಮ ಕೇರಿಗೆ ಬನ್ನಿ. ನಮ್ಮಪ್ಪನ ಮುಂದೆ ಹಾಸಿ. ಬೆಂಕಿ ಎಲ್ಲಿ ಹುಟ್ಟುತ್ತೆ, ಎಲ್ಲಿ ತಿರುಗುತ್ತೆ ಅಂತ ಅವನು ಬೆರಳಿಟ್ಟು ತೋರಿಸ್ತಾನೆ. ಆ ಬೆರಳನ್ನು ಹೆಬ್ಬೆಟ್ಟು ಒತ್ತೋಕೆ ಮಾತ್ರ ಕೇಳಬೇಡಿ.