ಆಯ್ದ ಅಕ್ಕಿ, ಹೊಲಿದ ಕೌದಿ

ಮಳೆಗಾಲದ ಮೋಡಗಳು ಸರಿದು ಆಕಾಶ ತಿಳಿಯಾಗುವ ಕಾಲ ಶರದೃತು. ಆಶ್ವಯುಜ, ಕಾರ್ತಿಕ ಎಂಬ ಎರಡು ಮಾಸಗಳ ಈ ಅವಧಿಯಲ್ಲಿ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳ ಬಿತ್ತನೆ ನಡೆಯುತ್ತದೆ. ಮುಂಗಾರಿಯ ಸಜ್ಜೆ, ಶೇಂಗಾ ಮನೆ ಸೇರುತ್ತವೆ. ಮಹಾನವಮಿಗೆ ಮುನ್ನ ಮನೆಮನೆಯಲ್ಲಿಯೂ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೋ ಕಾಲುವೆಗೋ ಹೋಗಿ, ಒಗೆಸಿಕೊಂಡು, ಬಿಸಿಲಿಗೆ ಒಣಗಿ ಹಿಂದಿರುಗುತ್ತವೆ. ಬನ್ನಿ ಮುಡಿದು, ಸೀಗೆಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲಿ, ದೀಪಾವಳಿಯ ಹಣತೆ ಹಚ್ಚುವವರೆಗೆ ರೈತನ ಮನೆಗೆ ಬಿಡುವಿಲ್ಲ.

ಈ ಗಡಿಬಿಡಿಯ ನಡುವೆಯೇ ಇನ್ನೊಂದು ಕೆಲಸ ಸದ್ದಿಲ್ಲದೆ ಸಾಗುತ್ತದೆ. ಮನೆ ಸ್ವಚ್ಛ ಮಾಡುವಾಗ ತೆರೆದ ಟ್ರಂಕಿನಿಂದ ಹಳೆಯ ಬಟ್ಟೆಗಳು ಹೊರಬರುತ್ತವೆ. ಸೆರಗು ಹರಿದ ಇಳಕಲ್ಲ ಸೀರೆ, ಮೆತ್ತಗಾದ ಧೋತರ, ತೋಳು ಸವೆದ ಅಂಗಿ, ಗುಳೇದಗುಡ್ಡದ ಖಣದ ತುಂಡುಗಳು. ಇವನ್ನು ಬಿಸಾಡುವ ಮಾತೇ ಇಲ್ಲ. ಚಳಿ ಇಳಿಯುವ ಮೊದಲು ಇವೆಲ್ಲ ಕೂಡಿ ಒಂದು ಕೌದಿಯಾಗಬೇಕು.

ಕೌದಿ ಹೊಲಿಯುವ ಬಗೆಯನ್ನು ಬಲ್ಲವರಿಗೆ ಅದರ ಶಿಸ್ತು ಗೊತ್ತು. ಪಡಸಾಲೆಯಲ್ಲಿ ಹಳೆಯ ಸೀರೆಯನ್ನು ನೆರಿಗೆ ಬೀಳದಂತೆ ಹಾಸಿ, ಅದರ ಮೇಲೆ ಧೋತರದ ಪದರಗಳನ್ನು ಹರವಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಸಾಲಿನಿಂದ ಸಾಲಿಗೆ ಬೆರಳಗಲ ಅಂತರ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಬಂದ ನೆರೆಮನೆಯ ತಾಯಂದಿರು ಒಬ್ಬೊಬ್ಬರು ಒಂದೊಂದು ಬದಿಗೆ ಕುಳಿತು ಕೈಜೋಡಿಸುತ್ತಾರೆ. ವಾರವೋ ಹದಿನೈದು ದಿನವೋ ಕಳೆದ ಮೇಲೆ ಸಿದ್ಧವಾದ ಆ ಕೌದಿಯಲ್ಲಿ ಅಜ್ಜಿಯ ಸೀರೆಯೂ ಇರುತ್ತದೆ, ಮೊಮ್ಮಗನ ಕುಂಚಿಗೆಯೂ ಇರುತ್ತದೆ. ಖರ್ಚಾದದ್ದು ದಾರದ ಉಂಡೆಗಳಿಗೆ ಮಾತ್ರ.

ಇಂಥ ಮಿತವ್ಯಯದ ಬಾಳು ಶರಣಧರ್ಮಕ್ಕೆ ಹೊರಗಿನದಲ್ಲ. ಆದರೆ ಮಿತವ್ಯಯವೆಲ್ಲವೂ ಧರ್ಮವೆಂದು ತಿಳಿಯುವುದು ತಪ್ಪು. ಹಳೆಯದನ್ನು ಕಾಯ್ದಿಡುವ ಕೈ ಭಕ್ತನದೂ ಆಗಬಹುದು, ಜಿಪುಣನದೂ ಆಗಬಹುದು. ಇಬ್ಬರೂ ದೀಪದ ಎಣ್ಣೆ ಅಳೆದು ಹಾಕುತ್ತಾರೆ; ಇಬ್ಬರೂ ಹರಿದುದನ್ನು ಹೊಲಿಯುತ್ತಾರೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದಾಗ ಮಾತ್ರ ಇಬ್ಬರೂ ಬೇರೆಬೇರೆಯಾಗುತ್ತಾರೆ. ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ಬಡ ದಂಪತಿಗಳು ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು ಅವರು ಹಿಡಿದ ಕಾಯಕ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಯಬೇಕು, ಆಮೇಲೆ ತಮ್ಮ ಪ್ರಸಾದ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಮಾತನ್ನು ಹಲವರು ಬಸವಣ್ಣನವರದೆಂದು ಹೇಳುತ್ತಾರೆ. ಅದು ಇರುವುದು ಈ ಮಾರಯ್ಯನ ವಚನದಲ್ಲಿ. ನೆಲಕ್ಕೆ ಬಿದ್ದ ಕಾಳನ್ನು ಬಾಗಿ ಎತ್ತಿದವನ ಬಾಯಿಂದಲೇ ಆ ಮಾತು ಬಂದಿತೆಂಬುದು ನೆನಪಿಡತಕ್ಕ ಸಂಗತಿ.

ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಆಯ್ದದ್ದೇ. ಲೋಕದ ಕಣ್ಣಿಗೆ ಅದು ಒಳ್ಳೆಯ ದಿನ. ನಾಳೆಯ ಚಿಂತೆ ತಪ್ಪಿತೆಂದು ಹಿಗ್ಗುವ ಹೊತ್ತು. ಲಕ್ಕಮ್ಮ ಹಿಗ್ಗಲಿಲ್ಲ. ಈ ಹೆಚ್ಚಿನ ಅಕ್ಕಿ ತಮಗೆ ಸಲ್ಲದು, ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನಿಗೆ ಹೇಳಿದಳು. ಅತಿಯಾಸೆ ಆಳುವವರ ಮನೆಯ ಸೊತ್ತು, ಭಕ್ತನ ಮನೆಗೆ ಅದು ಕಾಲಿಡಬಾರದು ಎಂಬುದು ಆ ಸಂದರ್ಭದ ಅವಳ ವಚನದ ಇಂಗಿತ. ಹೆಚ್ಚಿನ ಅಕ್ಕಿ ಮನೆಗೆ ಬಂದರೆ ಅಮರೇಶ್ವರಲಿಂಗ ದೂರವಾಗುವನೆಂದು ಅವಳು ಎಚ್ಚರಿಸುತ್ತಾಳೆ.

ಈ ಪ್ರಸಂಗವನ್ನು ಆಸೆಯ ನಿರಾಕರಣೆಯ ಕಥೆಯೆಂದು ಮಾತ್ರ ಓದುವುದು ವಾಡಿಕೆ. ಸ್ವಲ್ಪ ನಿಂತು ನೋಡಿದರೆ ಮಿತವ್ಯಯದ ಪೂರ್ಣ ಶಾಸ್ತ್ರವೇ ಅದರಲ್ಲಿದೆ. ಬಿದ್ದ ಕಾಳು ಹಾಳಾಗಬಾರದು ಎಂಬುದು ಮೊದಲ ಮಾತು. ಆಯುವುದಕ್ಕೂ ಒಂದು ಮೇರೆ ಬೇಕು ಎಂಬುದು ಎರಡನೆಯದು. ಆಯ್ದದ್ದು ಮೊದಲು ದಾಸೋಹಕ್ಕೆ ಸಲ್ಲಬೇಕು ಎಂಬುದು ಮೂರನೆಯದು. ಮೊದಲನೆಯದನ್ನು ಮಾತ್ರ ಇಟ್ಟುಕೊಂಡವನು ಜಿಪುಣ. ಎರಡನೆಯದನ್ನೂ ಸೇರಿಸಿಕೊಂಡವನು ಸಂಯಮಿ. ಮೂರನ್ನೂ ನಡೆಸಿದವನು ಭಕ್ತ. ಹಿಡಿಯಷ್ಟು ಅಕ್ಕಿಯಿಂದ ಲಕ್ಕಮ್ಮ ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನು ತೃಪ್ತಿಪಡಿಸಿದಳೆಂಬ ಐತಿಹ್ಯದ ತಿರುಳೂ ಇದೇ. ಅಳತೆಗೆ ಸಿಕ್ಕುವ ಅಕ್ಕಿ ಅಲ್ಪವಾಗಿತ್ತು. ಅದನ್ನು ನೀಡಿದ ಕೈಯಲ್ಲಿ ಹಿಂಜರಿಕೆ ಇರಲಿಲ್ಲ.

ಈ ಅಳತೆಗೋಲಿನಿಂದ ಇಂದಿನ ಹಬ್ಬದ ದಿನಗಳನ್ನು ಅಳೆಯಬೇಕು. ಮಹಾನವಮಿಯಿಂದ ದೀಪಾವಳಿಯವರೆಗೆ ಅಂಗಡಿಗಳಲ್ಲಿಯೂ ಮೊಬೈಲ್ ಪರದೆಯ ಮೇಲೆಯೂ ರಿಯಾಯಿತಿಯ ಕೂಗು. ಒಂದು ಕೊಂಡರೆ ಒಂದು ಉಚಿತವೆಂಬ ಆಹ್ವಾನಕ್ಕೆ ಮನಸೋತು, ಬೇಡವಾದುದನ್ನು ಅಗ್ಗಕ್ಕೆ ತಂದು, ಹಣ ಉಳಿಸಿದೆವೆಂದು ಸಂತೋಷಪಡುವ ಭಕ್ತರು ಇದ್ದಾರೆ. ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ್ದು ಪುಕ್ಕಟೆ ಅಕ್ಕಿಯನ್ನೇ ಎಂಬುದನ್ನು ಅವರು ಮರೆಯಬಾರದು. ಬೆಲೆ ಇಲ್ಲದ್ದೆಂಬ ಕಾರಣಕ್ಕೆ ಅದು ಅವಳಿಗೆ ಬೇಕಾದದ್ದಾಗಲಿಲ್ಲ.

ಅಗ್ಗವೇ ಮಿತವ್ಯಯವೆಂಬ ಭ್ರಮೆಯೂ ಬೆಳೆಯುತ್ತಿದೆ. ಇಳಕಲ್ಲಿನ ಮಗ್ಗದಲ್ಲಿ ನೇಯ್ದ ಸೀರೆಗೆ ಬೆಲೆ ಹೆಚ್ಚು. ಅದರ ಹೋಲಿಕೆಯ ಯಂತ್ರದ ಸೀರೆಗೆ ಬೆಲೆ ಕಡಿಮೆ. ಆದರೆ ಮೊದಲನೆಯದು ವರ್ಷಗಟ್ಟಲೆ ಮೈಮೇಲೆ ಬಾಳಿ, ಮೆತ್ತಗಾಗಿ, ಕೊನೆಗೆ ಕೌದಿಯಲ್ಲಿ ಇನ್ನೊಂದು ಜನ್ಮ ಪಡೆಯುತ್ತದೆ. ಎರಡನೆಯದು ಬಣ್ಣಗೆಟ್ಟ ಮೇಲೆ ಕೌದಿಗೂ ಬಾರದು. ನುಣುಪಾದ ಕೃತಕ ನೂಲಿನ ಬಟ್ಟೆ ಪದರದಲ್ಲಿ ನಿಲ್ಲದೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ. ಜೇಡರ ದಾಸಿಮಯ್ಯ ನೇಕಾರ, ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ಅವರನ್ನು ಶರಣರೆಂದು ಪೂಜಿಸಿ, ಇಂದಿನ ನೇಕಾರನ ಕೂಲಿಯನ್ನು ಚೌಕಾಶಿಯಿಂದ ಕಡಿಮೆ ಮಾಡುವ ಉಳಿತಾಯ ಇನ್ನೊಬ್ಬರ ಕಾಯಕದಿಂದ ಕಿತ್ತುಕೊಂಡದ್ದು. ನ್ಯಾಯದ ಬೆಲೆ ಕೊಟ್ಟು ಒಂದೇ ಒಂದನ್ನು ಕೊಂಡು ಬಹುಕಾಲ ಉಡುವುದೇ ಶರಣರು ಮೆಚ್ಚುವ ಮಿತ.

ಇನ್ನು ದಾಸೋಹದ ಮಾತು. ಹಬ್ಬದ ಸ್ವಚ್ಛತೆಯ ಸಮಯದಲ್ಲಿ ಮನೆಯಿಂದ ಹೊರಬೀಳುವ ಹಳೆಯ ಬಟ್ಟೆಗಳನ್ನು ಗಂಟು ಕಟ್ಟಿ ಬಡವರಿಗೆ ಕೊಡುವುದು ಎಲ್ಲೆಡೆ ಕಾಣುವ ರೂಢಿ. ಆ ಗಂಟಿನಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ಗುಂಡಿಯಿಲ್ಲದ ಅಂಗಿ, ಒಗೆಯದ ಸೀರೆ, ಜೊತೆಯಿಲ್ಲದ ಚಪ್ಪಲಿ. ಮನೆಯಲ್ಲಿ ಒರೆಸುವ ಬಟ್ಟೆಯಾಗಲೂ ಯೋಗ್ಯವಲ್ಲದ್ದು ಬಡವನ ಮೈಗೆ ಸಾಕೆಂಬ ಎಣಿಕೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ, ಇಂಥದೇ ಶರತ್ಕಾಲದಲ್ಲಿ, ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಮುಳುಗಿತು. ಇಂಥ ಆಪತ್ತಿನಲ್ಲಿ ಹೊಸ ಹೊದಿಕೆ, ರೊಟ್ಟಿಯ ಬುತ್ತಿ ಹೊತ್ತು ಓಡಿ ಬರುವ ಪುಣ್ಯವಂತರು ಬಹಳ. ಅವರ ನಡುವೆ ಉಡಲಾಗದ ಗಂಟುಗಳೂ ಬಂದು ಬೀಳುವುದುಂಟು. ಮನೆ ಕಳೆದುಕೊಂಡವನಿಗೆ ಮಾನವನ್ನೂ ಕಳೆದುಕೊಳ್ಳುವಂತೆ ಮಾಡುವ ಕೊಡುಗೆಗೆ ದಾಸೋಹವೆಂಬ ಹೆಸರು ಸಲ್ಲದು.

ದಾಸೋಹವೆಂದರೆ ದಾಸನು ಒಡೆಯನಿಗೆ ಸಲ್ಲಿಸುವುದು. ಒಡೆಯನಿಗೆ ಯಾರೂ ಎಂಜಲನ್ನು ನೀಡುವುದಿಲ್ಲ. ಮಾರಯ್ಯ ಲಕ್ಕಮ್ಮರ ಮನೆಯಲ್ಲಿ ಜಂಗಮರಿಗೆ ಬಡಿಸಿದ ಅನ್ನವೂ ತಮ್ಮ ಪಾಲಿನ ಅನ್ನವೂ ಒಂದೇ ಪಾತ್ರೆಯಲ್ಲಿ ಬೆಂದದ್ದು. ಆದುದರಿಂದ ಹಳೆಯದನ್ನು ಕೊಡಲೇಬಾರದೆಂದು ಅರ್ಥವಲ್ಲ. ಅನೇಕ ಮನೆಗಳಿಗೆ ಉಟ್ಟ ಬಟ್ಟೆಯೇ ನಿಜವಾದ ನೆರವಾಗಿರುತ್ತದೆ. ಅದನ್ನು ಒಗೆದು, ಗುಂಡಿ ಹಚ್ಚಿ, ಹರಿದಲ್ಲಿ ಹೊಲಿದು, ಸ್ವಂತ ತಮ್ಮನಿಗೆ ಕೊಡುವಂತೆ ಮಡಚಿ ಕೊಡಬೇಕು. ತನ್ನ ಮಗಳಿಗೆ ತೊಡಿಸಲು ಮನಸ್ಸಾಗದ ಬಟ್ಟೆ ಕೊಡತಕ್ಕದ್ದಲ್ಲ. ಅದು ಮನೆಯಲ್ಲಿಯೇ ಕೌದಿಯ ಒಳಪದರವಾಗಲಿ. ಹರಿದದ್ದು ತನಗೆ, ಗಟ್ಟಿಯಾದದ್ದು ಪರರಿಗೆ ಎಂಬ ಕ್ರಮ ಬಂದ ದಿನ ಆ ಮನೆಯ ಮಿತವ್ಯಯ ಭಕ್ತಿಯಾಗುತ್ತದೆ.

ಈ ಕ್ರಮದಲ್ಲಿ ಬಾಳಿದವರು ಇತ್ತೀಚಿನ ಕಾಲದಲ್ಲಿಯೂ ಇದ್ದರು. ವಚನ ಪಿತಾಮಹರೆಂದು ನಾಡು ಕರೆಯುವ ಡಾ. ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದವರು, ಸುಖವಾಗಿ ಬಾಳಬಹುದಾಗಿತ್ತು. ಊರೂರು ತಿರುಗಿ ವಚನಗಳ ತಾಡೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಚ್ಚಿನ ಕೆಲಸಕ್ಕೆಂದು ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. ತಮ್ಮ ಉಡುಗೆಯಲ್ಲಿ ಕೈ ಬಿಗಿ ಹಿಡಿದವರು ವಚನಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಅವರ ಆ ಉಳಿತಾಯದ ಫಲವಾಗಿ ಇಂದು ಲಕ್ಕಮ್ಮನ ಮಾತು ಭಕ್ತರ ಕೈಗೆ ದೊರೆಯುತ್ತಿದೆ.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾಗದು. ಮಿತವ್ಯಯದ ಹೊರೆ ಬಹುತೇಕ ಮನೆಗಳಲ್ಲಿ ಹೆಂಗಸರ ಹೆಗಲ ಮೇಲೆಯೇ ಇದೆ. ಕೌದಿ ಹೊಲಿಯುವವಳು ತಾಯಿ, ಹಬ್ಬಕ್ಕೆ ಹೊಸ ಸೀರೆ ಬೇಡವೆನ್ನುವವಳು ತಾಯಿ, ತಳ ಹಿಡಿದ ಅನ್ನವನ್ನು ತನ್ನ ತಟ್ಟೆಗೆ ಬಡಿಸಿಕೊಳ್ಳುವವಳೂ ತಾಯಿ. ಅವಳ ತ್ಯಾಗವನ್ನು ಹೊಗಳಿ, ಗಂಡಸರು ತಮ್ಮ ಖರ್ಚನ್ನು ಮುಟ್ಟದೆ ಉಳಿಸಿಕೊಳ್ಳುತ್ತಾರೆ. ಆಯ್ದಕ್ಕಿಯ ಮನೆಯಲ್ಲಿ ಹೀಗಿರಲಿಲ್ಲ. ಅಲ್ಲಿ ಎಷ್ಟು ತರಬೇಕು, ಎಷ್ಟು ಸಾಕು ಎಂಬ ನಿರ್ಣಯ ಲಕ್ಕಮ್ಮನದು. ಹಿಂದಿರುಗಿ ಹೋಗಿ ಸುರಿದು ಬಂದವನು ಮಾರಯ್ಯ. ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕ ನಿಂತಿತೆಂದು ನೆನಪಿಸಿ ಎಬ್ಬಿಸಿದವಳೂ ಅವಳೇ. ಸತಿಯ ಮಾತಿಗೆ ಪತಿ ಕಿವಿಗೊಟ್ಟು ಎದ್ದು ನಡೆದ ಮನೆ ಅದು. ಮನೆಯ ಹಿಡಿತ ಒಬ್ಬಳ ಹೊಟ್ಟೆಯನ್ನೇ ಕಟ್ಟಿ ಬಂದದ್ದಾದರೆ ಅದು ಶರಣರ ದಾರಿಯಲ್ಲ. ಈ ಶರತ್ಕಾಲದಲ್ಲಿ ಕೌದಿಯ ಒಂದು ಅಂಚಿಗೆ ಮನೆಯ ಗಂಡುಮಕ್ಕಳೂ ಸೂಜಿ ಹಿಡಿದು ಕುಳಿತರೆ ಯಾವ ಮರ್ಯಾದೆಗೂ ಊನ ಬಾರದು.

ಆಚರಣೆಗೆ ಬರಬೇಕಾದದ್ದು ಬಹಳವೇನಿಲ್ಲ. ಹಬ್ಬಕ್ಕೆ ಪಟ್ಟಿ ಬರೆಯುವಾಗ ಬೇಕಾದದ್ದಕ್ಕೂ ಆಸೆಯಾದದ್ದಕ್ಕೂ ನಡುವೆ ಒಂದು ಗೆರೆ ಎಳೆಯಬೇಕು. ದೀಪದ ಬತ್ತಿಯನ್ನು ಮನೆಯ ಅರಳೆಯಿಂದಲೇ ಹೊಸೆಯಬೇಕು. ದಿನದ ಅಡುಗೆಗೆ ಅಕ್ಕಿ ಅಥವಾ ಹಿಟ್ಟು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ಹಾಕಿ, ತಿಂಗಳ ಕೊನೆಗೆ ಊರ ಮಠದ ದಾಸೋಹಕ್ಕೋ ಹಸಿದ ನೆರೆಮನೆಗೋ ಮುಟ್ಟಿಸಬೇಕು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ರೊಟ್ಟಿ ಬಡಿದು ಕಳುಹಿಸುತ್ತಾರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ಒಲೆಗೂ ರೈತರ ಹೊಲದ ಧಾನ್ಯ ಬಂದು ಸೇರುತ್ತಿತ್ತು. ದೊಡ್ಡ ದಾಸೋಹಗಳೆಲ್ಲ ಚಿಕ್ಕ ಹಿಡಿಗಳಿಂದಲೇ ಕೂಡಿದವು.

ಸೀಗೆಹುಣ್ಣಿಮೆಯ ದಿನ ರೈತನು ಬುತ್ತಿಯ ಗಂಟನ್ನು ಬಿಚ್ಚಿ, ತಾನು ಉಣ್ಣುವ ಮೊದಲು ಹೊಲದ ಸುತ್ತ ಚರಗ ಚೆಲ್ಲುತ್ತಾನೆ. ವರ್ಷವಿಡೀ ಕಾಳು ಕಾಳಿಗೂ ಲೆಕ್ಕ ಇಡುವ ಕೈ ಆ ಹೊತ್ತಿನಲ್ಲಿ ಲೆಕ್ಕ ಮರೆಯುತ್ತದೆ. ಚೆಲ್ಲಿದ್ದನ್ನು ಹಕ್ಕಿ ತಿನ್ನಲಿ, ಇರುವೆ ತಿನ್ನಲಿ, ಭೂಮಿ ತಿನ್ನಲಿ. ಆಮೇಲೆ ಮನೆಮಂದಿ, ನೆರೆಹೊರೆಯವರು, ಕೂಲಿಗೆ ಬಂದವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಸಂಜೆ ಮನೆಗೆ ಬಂದರೆ ಇಬ್ಬನಿಯ ತಂಪು ಇಳಿದಿರುತ್ತದೆ. ಮಕ್ಕಳು ಹೊಸ ಕೌದಿಗಾಗಿ ಜಗಳವಾಡುತ್ತಾರೆ. ಆ ರಾತ್ರಿ ಬಾಗಿಲಿಗೆ ಅತಿಥಿ ಬಂದರೆ ಹೊಸ ಕೌದಿ ಯಾರ ಮೈಮೇಲೆ ಇರಬೇಕೆಂಬುದನ್ನು ಮನೆಯೊಡತಿ ಯಾರನ್ನೂ ಕೇಳಬೇಕಾಗಿಲ್ಲ. ಅದು ಅತಿಥಿಗೆ, ಮಕ್ಕಳಿಗೆ ಹಳೆಯದು.