ಹೈವೇ ಬಿಟ್ಟು ಒಳರಸ್ತೆಗೆ ಇಳಿದ ಸೈಕಲ್: ಕರಾವಳಿಯ ಸಣ್ಣ ಅಂಗಡಿಗೆ ಇದರಿಂದ ಏನು ಸಿಗುತ್ತೆ?

ಕುಮಟಾ: ಮಳೆ ಹಿಂದೆ ಸರಿದು ದೀಪಾವಳಿ ಮುಗಿಯುತ್ತಿದ್ದಂತೆ ಕರಾವಳಿ ರಸ್ತೆಗಳಲ್ಲಿ ಬೇರೆ ನಮೂನೆಯ ಪ್ರವಾಸಿಗರು ಕಾಣಿಸಿಕೊಳ್ಳುತ್ತಾರೆ. ತಲೆಗೆ ಹೆಲ್ಮೆಟ್, ಕ್ಯಾರಿಯರ್‌ನ ಎರಡೂ ಬದಿಗೆ ಬ್ಯಾಗು, ಹ್ಯಾಂಡಲ್ ಮೇಲೆ ದಾರಿ ತೋರಿಸುವ ಮೊಬೈಲು. ಬೆಂಗಳೂರು, ಮಂಗಳೂರಿನ ಸಾಫ್ಟ್‌ವೇರ್ ಹುಡುಗರು, ಗೋವಾ ಕಡೆಯಿಂದ ಇಳಿದು ಬರುವವರು, ಗೋಕರ್ಣಕ್ಕೆ ಬಂದ ವಿದೇಶಿಯರು. ಕಾರವಾರದಿಂದ ಉಡುಪಿಯವರೆಗೆ, ಕೆಲವರು ಅದರಾಚೆಗೂ, ಸೈಕಲ್ ತುಳಿದುಕೊಂಡೇ ಹೋಗುತ್ತಾರೆ.

ಇವರನ್ನು ನೋಡಿ ನಗುವವರಿದ್ದಾರೆ, 'ಕಾರು ತಗೊಳ್ಳೋಕೆ ದುಡ್ಡಿದ್ರೂ ಯಾಕಪ್ಪಾ ಈ ಕಷ್ಟ' ಅನ್ನುವವರೂ ಇದ್ದಾರೆ. ಆದರೆ ಅಂಗಡಿ ಇಟ್ಟುಕೊಂಡವರು ಕೇಳಬೇಕಾದ ಪ್ರಶ್ನೆ ಬೇರೆ. ಈ ಸೈಕಲ್‌ನವರು ನಿಲ್ಲುವುದು ಎಲ್ಲಿ? ಖರ್ಚು ಮಾಡುವುದು ಎಲ್ಲಿ? ಎಲ್ಲಿ ನಿಲ್ಲದೆ ಮುಂದೆ ಹೋಗುತ್ತಾರೆ, ಯಾಕೆ?

ಕಾರಿನ ಲೆಕ್ಕ, ಸೈಕಲ್ ಲೆಕ್ಕ

ಕಾರವಾರದಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು 210 ಕಿ.ಮೀ. ಕಾರಿನವರಿಗೆ ಇದು ನಾಲ್ಕೈದು ಗಂಟೆಯ ದಾರಿ. ಮಧ್ಯೆ ಒಂದು ಊಟ, ಒಂದು ಚಹಾ, ಮುರ್ಡೇಶ್ವರದಲ್ಲಿ ಒಂದು ಫೋಟೋ. ಅಷ್ಟೇ. ಅದೂ ಪಾರ್ಕಿಂಗ್ ಇರುವ ದೊಡ್ಡ ಹೋಟೆಲ್‌ನಲ್ಲೇ ಆಗಬೇಕು.

ಸೈಕಲ್‌ನವರು ಬ್ಯಾಗು ಹೊತ್ತು ದಿನಕ್ಕೆ 60-70 ಕಿ.ಮೀ. ತುಳಿದರೆ ಹೆಚ್ಚು. ಅಂದರೆ ಇದೇ ದಾರಿಗೆ ಮೂರು-ನಾಲ್ಕು ದಿನ, ಎರಡು-ಮೂರು ರಾತ್ರಿ ವಸತಿ. ಕರಾವಳಿಯ ಸೆಕೆಯಲ್ಲಿ ಗಂಟೆಗೊಮ್ಮೆಯಾದರೂ ನೀರಿಗೆ ನಿಲ್ಲಲೇಬೇಕು. ಎಳನೀರು, ಸೋಡಾ ಶರಬತ್ತು, ಮುರುಗಲು ಹಣ್ಣಿನ ಪಾನಕ, ಬನ್ಸ್, ಬಾಳೆಹಣ್ಣು, ಮಧ್ಯಾಹ್ನಕ್ಕೆ ಮೀನೂಟ. ಇವರಿಗೆ ಪಾರ್ಕಿಂಗ್ ಬೇಡ. ಗೂಡಂಗಡಿ ಎದುರಿನ ತೆಂಗಿನ ಮರಕ್ಕೆ ಸೈಕಲ್ ಒರಗಿಸಿದರೆ ಸಾಕು.

ಒಂದು ಲೆಕ್ಕ ಹಾಕಿ ನೋಡಬಹುದು. ಇದು ಸಮೀಕ್ಷೆ ಅಲ್ಲ, ಬರೀ ಉದಾಹರಣೆ. ಒಂದು ಊರಿನ ಮೂಲಕ ದಿನಕ್ಕೆ ಹತ್ತು ಜನ ಹಾದು ಹೋಗಿ, ತಲೆಗೆ 100 ರೂ. ಖರ್ಚು ಮಾಡಿದರೆ ದಿನಕ್ಕೆ 1,000 ರೂ. ಸೀಸನ್ ನೂರು ದಿನ ಅಂದುಕೊಂಡರೆ ಒಂದು ಲಕ್ಷ. ಆ ಊರಲ್ಲಿ ಐದು ಅಂಗಡಿ ಇದ್ದರೆ ತಲಾ 20 ಸಾವಿರದ ವ್ಯಾಪಾರ. ಲಾಭ ಅಲ್ಲ, ವ್ಯಾಪಾರ. ಇದರಿಂದ ಯಾರ ಅಂಗಡಿಯೂ ಬದುಕುವುದಿಲ್ಲ. ಆದರೆ ಇದಕ್ಕಾಗಿ ಯಾರೂ ಸಾಲ ಮಾಡಿ ಕಟ್ಟಡ ಕಟ್ಟಬೇಕಾಗಿಲ್ಲ. ಇದ್ದ ಒಲೆ, ಇದ್ದ ಬೆಂಚಿನಲ್ಲೇ ಆಗುವ ಮೇಲಿನ ವ್ಯಾಪಾರ ಇದು.

ಯಾರಿಗೆ ಲಾಭ ಇಲ್ಲ ಅನ್ನುವುದನ್ನೂ ಹೇಳಬೇಕು. ಅಳ್ವೇಕೋಡಿ, ಹಂದಿಗೋಣ ಭಾಗದ ಸಿಹಿ ಈರುಳ್ಳಿಗೆ ಹೆದ್ದಾರಿ ಬದಿಯೇ ಮಾರುಕಟ್ಟೆ. ಜಡೆ ಹೆಣೆದು ನೇತು ಹಾಕಿದ ಈರುಳ್ಳಿ ಗೊಂಚಲನ್ನು ಕಾರಿನವರು ಡಿಕ್ಕಿಗೆ ಹಾಕಿಕೊಂಡು ಹೋಗುತ್ತಾರೆ. ಸೈಕಲ್‌ನವರು ಕೊಂಡು ಎಲ್ಲಿಡಬೇಕು? ಅಲ್ಲದೆ ಆ ಈರುಳ್ಳಿ ಮಾರುಕಟ್ಟೆಗೆ ಬರುವ ಬೇಸಿಗೆ ಹೊತ್ತಿಗೆ ಬಿಸಿಲು ಏರಿ ಸೈಕಲ್ ಸೀಸನ್ ಇಳಿದಿರುತ್ತದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಬಂತು, ಅದರದ್ದೂ ಇದೇ ಕಥೆ. ಅಂದರೆ ಸೈಕಲ್‌ನವರ ದುಡ್ಡು ಚಹಾ ಅಂಗಡಿ, ಖಾನಾವಳಿ, ಲಾಡ್ಜು, ಹೋಂಸ್ಟೇಗೆ ಹೋಗುತ್ತದೆ. ರೈತನ ಗದ್ದೆಗೆ ನೇರವಾಗಿ ಹೋಗಲ್ಲ.

ಹೈವೇ ಯಾಕೆ ಬಿಡುತ್ತಾರೆ?

ಗೋವಾ ಗಡಿಯಿಂದ ಕುಂದಾಪುರದವರೆಗೆ 190 ಕಿ.ಮೀ. ಹತ್ತಿರದ ಚತುಷ್ಪಥ ಕೆಲಸ 2014ರಲ್ಲಿ ಶುರುವಾಯಿತು. ಬೇಲೆಕೇರಿ, ಹೊಳೆಗದ್ದೆ, ಬೈಂದೂರು ಕಡೆಯ ಶಿರೂರಿನಲ್ಲಿ ಟೋಲ್ ಗೇಟುಗಳು ಬಂದವು. ರಸ್ತೆ ಅಗಲವಾಯಿತು, ಕಾರು-ಲಾರಿಗಳ ಓಟವೂ ಏರಿತು. ಸೈಕಲ್‌ಗೆ ಟೋಲ್ ಇಲ್ಲ ನಿಜ, ಆದರೆ ಜಾಗವೂ ಇಲ್ಲ.

ಬಿಳಿ ಗೆರೆಯಾಚೆಗಿನ ಅಂಚಿನಲ್ಲಿ ಹೋಗೋಣ ಅಂದರೆ ಅಲ್ಲಿ ಜಲ್ಲಿ, ಮರಳು, ನಿಂತ ಲಾರಿ. ಕೆಲವು ಕಡೆ ಸರ್ವಿಸ್ ರಸ್ತೆ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಡಿವೈಡರ್ ದಾಟುವ ಜಾಗ ದೂರ ಇರುವುದರಿಂದ ಸ್ಥಳೀಯ ಬೈಕ್‌ಗಳು ರಾಂಗ್ ಸೈಡಲ್ಲಿ ಎದುರಿಗೇ ಬರುತ್ತವೆ. ಮೀನಿನ ಲಾರಿಯಿಂದ ಸುರಿದ ನೀರು ಡಾಂಬರಿನ ಮೇಲೆ ಬಿದ್ದರೆ ಬೈಕೇ ಜಾರುತ್ತೆ, ಸಣ್ಣ ಟಯರಿನ ಸೈಕಲ್ ಕೇಳಬೇಕೇ?

ಇದರ ಮೇಲೆ 2024ರ ಮಳೆಗಾಲದ ನೆನಪು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿಯೇ ಕೊಚ್ಚಿ ಹೋಯಿತು. ಅಲ್ಲಿ ನಿಂತವರು, ಅಂಗಡಿ ನಡೆಸುತ್ತಿದ್ದವರು ಜೀವ ಕಳೆದುಕೊಂಡರು. ಗಂಗಾವಳಿಗೆ ಬಿದ್ದ ಲಾರಿ ಮತ್ತು ಅದರ ಕೇರಳದ ಚಾಲಕನ ಶವ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಎರಡೂ ದಿಕ್ಕಿನ ವಾಹನಗಳ ಭಾರ ಹೊಸ ಸೇತುವೆ ಮೇಲೆ ಬಿತ್ತು. ಹೆದ್ದಾರಿಗೆ ಗುಡ್ಡ ಕಡಿದ ರೀತಿ ಸರಿಯೇ ಅನ್ನುವ ಪ್ರಶ್ನೆ ಆಗ ಜೋರಾಗಿ ಎದ್ದಿತು. ಹೆದ್ದಾರಿ ಬದಿ ನಿಲ್ಲುವುದು, ಅಂಗಡಿ ಇಡುವುದು ಎಷ್ಟು ಅಪಾಯ ಅಂತ ಕರಾವಳಿಗೆ ಪಾಠ ಕಲಿಸಿದ ವರ್ಷ ಅದು.

ಹಾಗಾಗಿ ಸೈಕಲ್‌ನವರು ಒಳದಾರಿ ಹುಡುಕುತ್ತಾರೆ. ಒಳದಾರಿಯಲ್ಲಿ ಇರುವವರು ಯಾರು? ಹೆದ್ದಾರಿ ಅಗಲವಾದ ಮೇಲೆ ಗಿರಾಕಿ ಕಳೆದುಕೊಂಡ ಅದೇ ಸಣ್ಣ ಅಂಗಡಿಯವರು.

ಅಘನಾಶಿನಿ ದೋಣಿಯ ಉದಾಹರಣೆ

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿಯಲ್ಲಿ ದಿವಗಿ, ಮಿರ್ಜಾನ, ಹಿರೇಗುತ್ತಿ, ಮಾದನಗೇರಿ ಸುತ್ತಿ ಹೋದರೆ 30 ಕಿ.ಮೀ. ದಾಟುತ್ತದೆ. ಬಾಡ, ಕಾಗಾಲ ಮೂಲಕ ಅಘನಾಶಿನಿ ಊರಿಗೆ ಹೋಗಿ, ದೋಣಿಯಲ್ಲಿ ತದಡಿಗೆ ದಾಟಿ, ಅಲ್ಲಿಂದ ಗೋಕರ್ಣ ಸೇರಿದರೆ ಅದಕ್ಕಿಂತ ಎಷ್ಟೋ ಹತ್ತಿರ. ಲಾರಿಯ ಹಾರ್ನ್ ಇಲ್ಲ, ಟೋಲ್ ಗೇಟಿನ ಸಾಲು ಇಲ್ಲ. ಆ ದೋಣಿಯಲ್ಲಿ ಬೈಕೇ ಹೋಗುತ್ತೆ, ಸೈಕಲ್ ಹೋಗಲ್ವಾ?

ಈ ದಾರಿಯಲ್ಲಿ ನೋಡುವುದಕ್ಕೂ ಇದೆ. ಅಣೆಕಟ್ಟು ಇಲ್ಲದೆ ಸಮುದ್ರ ಸೇರುವ ನದಿ ಅಘನಾಶಿನಿ. ಅದರ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಕಾಂಡ್ಲಾ ಗಿಡಗಳು, ಬಳಚು ಹೆಕ್ಕುವ ಹೆಂಗಸರು, ಆಚೆ ದಡದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ. ಕಾರಿನ ಕಿಟಕಿಯಿಂದ ಇದ್ಯಾವುದೂ ಕಾಣಲ್ಲ.

ಆದರೆ ಹೊಸಬರಿಗೆ ಈ ದೋಣಿ ಇದೆ ಅಂತ ಹೇಳುವ ಬೋರ್ಡ್ ಹೆದ್ದಾರಿ ತಿರುವಿನಲ್ಲಿ ಇದ್ದರೆ ತಾನೇ ಗೊತ್ತಾಗೋದು? ಕೊನೆಯ ದೋಣಿ ಎಷ್ಟು ಗಂಟೆಗೆ? ಹೊಳೆ ಏರಿದ ದಿನ ಬಿಡುತ್ತಾರಾ? ಸೈಕಲ್‌ಗೆ ಎಷ್ಟು ದರ? ಊರಿನವರಿಗೆ ಇದೆಲ್ಲ ಬಾಯಿಪಾಠ. ಹೊರಗಿನವರು ಸಂಜೆ ದಕ್ಕೆಗೆ ಬಂದು ದೋಣಿ ತಪ್ಪಿದರೆ ಕತ್ತಲಲ್ಲಿ ಹೆದ್ದಾರಿಯ ಸುತ್ತು ಹಾಕಬೇಕು. ಒಮ್ಮೆ ಹಾಗಾದರೆ ಅವರು ಹತ್ತು ಜನಕ್ಕೆ ಹೇಳುವುದು ಆ ತೊಂದರೆಯನ್ನೇ, ಕಗ್ಗದ ಗದ್ದೆಯನ್ನಲ್ಲ.

ಹೊಳೆಯೇ ಕುತ್ತಿಗೆ

ಕರಾವಳಿ ಉದ್ದಕ್ಕೂ ಸಮಸ್ಯೆ ಒಂದೇ. ಒಳರಸ್ತೆಗಳು ಹೊಳೆಯವರೆಗೆ ಬಂದು ನಿಲ್ಲುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ ಸಾಲಾಗಿ ಅಡ್ಡ ಬರುತ್ತವೆ. ಹೊನ್ನಾವರದಿಂದ ಕಾಸರಕೋಡಿಗೆ ಹೋಗಬೇಕಾದರೆ ಶರಾವತಿ ಸೇತುವೆಗೆ ಏರಲೇಬೇಕು, ಲಾರಿಗಳ ಜೊತೆಗೇ ಸಾಗಬೇಕು. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿದೆ, ಕಾಂಡ್ಲಾ ನಡುವೆ ಮರದ ಕಾಲುದಾರಿಯೂ ಇದೆ. ಹೊನ್ನಾವರ ಪೇಟೆಯಿಂದ ಅಲ್ಲಿಗೆ ಸೈಕಲ್‌ನಲ್ಲಿ ಹೋಗುವ ಹೆಚ್ಚಿನ ಅಪಾಯ ಈ ಸೇತುವೆಯ ಮೇಲೆಯೇ.

ಮರವಂತೆಯಲ್ಲಿ ಇನ್ನೊಂದು ರೀತಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೆದ್ದಾರಿ ಮಾತ್ರ. ದೇಶದಲ್ಲೇ ಅಪರೂಪದ ನೋಟ ಅಂತ ಎಲ್ಲರೂ ಹೊಗಳುವ ಜಾಗ. ಆದರೆ ಒಳದಾರಿ ಇಲ್ಲದ ಕಾರಣ ಸೈಕಲ್‌ನವರ ಕಣ್ಣು ಸಮುದ್ರದ ಮೇಲಲ್ಲ, ಹಿಂದಿನಿಂದ ಬರುವ ಬಸ್ಸಿನ ಮೇಲೆ. ಅದಕ್ಕೆ ಹೋಲಿಸಿದರೆ ಉಡುಪಿ ಕಡೆಯ ಮಟ್ಟು-ಕಾಪು ತೀರದ ರಸ್ತೆ ನೋಡಿ. ಹೆದ್ದಾರಿಯಿಂದ ದೂರ, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಮಟ್ಟುಗುಳ್ಳ ಬೆಳೆಯುವ ಗದ್ದೆ, ಕೊನೆಗೆ 1901ರ ಕಾಪು ದೀಪಸ್ತಂಭ. ಬೆಳಗಿನ ಹೊತ್ತು ಸೈಕಲ್‌ನವರು ಅಲ್ಲಿಗೆ ಹೋಗುತ್ತಾರೆ ಅಂದರೆ ಆಶ್ಚರ್ಯ ಏನಿಲ್ಲ.

ಪಂಕ್ಚರ್ ಆದರೆ ಏನು?

ಇನ್ನೊಂದು ಸಣ್ಣ ವಿಷಯ, ಆದರೆ ವ್ಯಾಪಾರದ ವಿಷಯ. ತಾಲೂಕಿನ ಹಳೆಯ ಸೈಕಲ್ ಶಾಪುಗಳು ಒಂದೊಂದಾಗಿ ಬೈಕ್ ರಿಪೇರಿಗೆ ತಿರುಗಿವೆ. ಇದ್ದ ಕಡೆಯೂ ಸಿಗುವುದು ಹಳೆ ಅಳತೆಯ ಟ್ಯೂಬು. ದೂರದ ಸವಾರಿಯ ಸೈಕಲ್‌ಗಳಿಗೆ ಬರುವುದು 700ಸಿ ಅಳತೆಯ ಸಣ್ಣ ಟಯರು. ಅದರಲ್ಲಿ ಬಹಳಷ್ಟಕ್ಕೆ ತೆಳ್ಳಗಿನ ಪ್ರೆಸ್ಟಾ ವಾಲ್ವ್. ಬೈಕಿಗೆ ಗಾಳಿ ಹೊಡೆಯುವ ಪೈಪು ಅದಕ್ಕೆ ನೇರವಾಗಿ ಕೂರಲ್ಲ. ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ತಿರುಗಿಸಿದರೆ ಕೂರುತ್ತೆ. ಪಂಕ್ಚರ್ ಅಂಗಡಿಯವರು ಅಂಥ ನಾಲ್ಕು ಅಡಾಪ್ಟರ್, ಎರಡು ಟ್ಯೂಬು ಇಟ್ಟು ಹೊರಗೆ ಒಂದು ಬೋರ್ಡ್ ಹಾಕಿದರೆ ಸಾಕು, ಗಿರಾಕಿ ತಾನಾಗಿ ಬರುತ್ತಾರೆ. ಪಂಕ್ಚರ್ ಆಗುವ ಹೊತ್ತಿಗೆ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಸಂಜೆಯಾದರೆ ರೂಮು ಕೇಳುತ್ತಾರೆ.

ಲಾಡ್ಜಿನವರಿಗೂ ಒಂದು ಮಾತು. ಸೈಕಲ್‌ನವರು ಎಸಿ ಇದೆಯಾ ಅಂತ ಕೇಳುವ ಮೊದಲು ಸೈಕಲ್ ಒಳಗೆ ಇಡಬಹುದಾ ಅಂತ ಕೇಳುತ್ತಾರೆ. ಅವರ ಸೈಕಲ್‌ನ ಬೆಲೆ ಕೆಲವೊಮ್ಮೆ ಬೈಕಿನಷ್ಟೇ ಇರುತ್ತದೆ. ಮೆಟ್ಟಿಲ ಕೆಳಗಿನ ಖಾಲಿ ಜಾಗಕ್ಕೆ ಬೀಗ ಹಾಕಿ ಕೊಟ್ಟರೆ ಕೆಲಸ ಮುಗಿಯಿತು.

ಇದು ಬರೀ ಪ್ರವಾಸಿಗರ ಪ್ರಶ್ನೆಯಾ?

ಅಲ್ಲ. ಅಸಲಿ ಮಾತು ಇಲ್ಲಿದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕರಾವಳಿಯ ಎಷ್ಟೋ ಮನೆಗೆ, ಮುಖ್ಯವಾಗಿ ಹೆಣ್ಣುಮಕ್ಕಳ ಕೈಗೆ, ಮೊದಲ ಸೈಕಲ್ ಬಂದದ್ದೇ ಹಾಗೆ. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ಅಷ್ಟರಲ್ಲಿ ಹೆದ್ದಾರಿಯೂ ಅಗಲವಾಗಿತ್ತು. ಈಗ ಮಗಳನ್ನು ಹೆದ್ದಾರಿ ದಾಟಿಸಿ ಸೈಕಲ್‌ನಲ್ಲಿ ಶಾಲೆಗೆ ಕಳಿಸಲು ಯಾವ ತಂದೆತಾಯಿಗೆ ಧೈರ್ಯ ಬರುತ್ತೆ?

ಬೆಂಗಳೂರಿನ ಸವಾರರಿಗೆ ಹೆದ್ದಾರಿ ಬೇಡವಾದರೆ ಒಳದಾರಿ ಇದೆ. ಅದೂ ಬೇಡವಾದರೆ ಸೈಕಲನ್ನು ಲಗೇಜಿಗೆ ಬುಕ್ ಮಾಡಿ ಕೊಂಕಣ ರೈಲು ಹತ್ತಿ ಹೋಗುತ್ತಾರೆ. ಆದರೆ ಹೆದ್ದಾರಿ ಆಚೆ ಮನೆ, ಈಚೆ ಶಾಲೆ ಇರುವ ಮಗು ಎಲ್ಲಿಗೆ ಹೋಗಬೇಕು? ಬುಟ್ಟಿ ಹೊತ್ತು ಮೀನು ಮಾರುವವರು, ಬೆಳಿಗ್ಗೆ ಹಾಲು ಹಾಕುವವರು, ಕೂಲಿಗೆ ಹೋಗುವವರು? ಎಂಜಿನ್ ಇಲ್ಲದೆ ಓಡಾಡುವ ಎಲ್ಲರಿಗೂ ರಸ್ತೆ ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಈ ಪ್ರವಾಸಿ ಸೈಕಲ್‌ಗಳು ತೋರಿಸಿ ಕೊಡುತ್ತಿವೆ. ಪ್ರವಾಸೋದ್ಯಮದ ಹೆಸರಲ್ಲಿ ಕೇಳಿದರೆ ಕಚೇರಿಯಲ್ಲಿ ಫೈಲು ಬೇಗ ಚಲಿಸುತ್ತದೆ ಅಂತಾದರೆ, ಆ ಹೆಸರಲ್ಲೇ ಕೇಳಿದರೂ ತಪ್ಪಿಲ್ಲ. ಉಪಯೋಗ ಊರಿಗೇ.

ಕೇಳಬೇಕಾದದ್ದು ದೊಡ್ಡದೇನಲ್ಲ

ಪ್ರತ್ಯೇಕ ಸೈಕಲ್ ಪಥ, ಕೋಟಿಗಟ್ಟಲೆ ಯೋಜನೆ ಅಂತ ಶುರು ಮಾಡಿದರೆ ಶಿಲಾನ್ಯಾಸದ ಕಲ್ಲು ಮಾತ್ರ ಉಳಿಯುವ ಸಾಧ್ಯತೆ ಹೆಚ್ಚು. ಗ್ರಾಮ ಪಂಚಾಯಿತಿ, ಪುರಸಭೆ ಮಟ್ಟದಲ್ಲೇ ಮುಗಿಯುವ ಕೆಲಸಗಳಿವೆ. ದೋಣಿ ದಕ್ಕೆಯಲ್ಲಿ ಮತ್ತು ಹೆದ್ದಾರಿ ತಿರುವಿನಲ್ಲಿ ಸಮಯ, ದರದ ಬೋರ್ಡ್. ಒಳರಸ್ತೆಯ ಹೊಂಡಕ್ಕೆ ಮಳೆ ನಿಂತ ಕೂಡಲೇ ತೇಪೆ. ಕುಡಿಯುವ ನೀರಿನ ಒಂದು ನಲ್ಲಿ, ಹೆಂಗಸರೂ ಬಳಸಬಹುದಾದ ಒಂದು ಶೌಚಾಲಯ.

ಹೆದ್ದಾರಿ ಪ್ರಾಧಿಕಾರಕ್ಕೆ ಕೇಳಬೇಕಾದ್ದು ಎರಡೇ: ಅರ್ಧಕ್ಕೆ ನಿಂತ ಸರ್ವಿಸ್ ರಸ್ತೆ ಪೂರ್ತಿ ಮಾಡಿ, ಸೇತುವೆಗಳ ಅಂಚಿನ ಮರಳು-ಜಲ್ಲಿ ಗುಡಿಸಿ. ಮಳೆಗಾಲಕ್ಕೆ ಮೊದಲು, ಮಳೆಗಾಲದ ನಂತರ, ವರ್ಷಕ್ಕೆ ಎರಡು ಸಲ ಗುಡಿಸಿದರೂ ಎಷ್ಟೋ ವಾಸಿ.

ಮುಂದಿನ ಗ್ರಾಮಸಭೆಯಲ್ಲಿ ಅಂಗಡಿಯವರು, ದೋಣಿಯವರು, ಶಾಲಾ ಮಕ್ಕಳ ಪಾಲಕರು ಒಟ್ಟಿಗೆ ಕೂತು ಇದನ್ನು ಬರೆದು ಕೊಡಬಹುದು. ಸೈಕಲ್ ಸೀಸನ್ ಫೆಬ್ರವರಿ ದಾಟಿದರೆ ಮುಗಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಜೂನ್‌ನಲ್ಲಿ, ಸುರಿಯುವ ಮಳೆಯಲ್ಲಿ, ಅದೇ ರಸ್ತೆ ಮತ್ತೆ ಬೇಕು.